ಸೂತಕದಲ್ಲಿ ಹೊಯ್ದ ಕುಡಿಕೆಗಳು

ಅವ್ವ ತೀರಿಕೊಂಡ ವಾರವೂ ಖಾನಾಪುರದ ನಮ್ಮ ಮನೆಯಲ್ಲಿ ಕೆಲಸ ನಿಲ್ಲಲಿಲ್ಲ. ಇದನ್ನೆತ್ತಿದರೆ ಬಳಗದವರು ಈಗಲೂ ಮುಖ ಸಿಂಡರಿಸುತ್ತಾರೆ. ನಾವು ಕುಂಬಾರರು, ಸೂತಕ ಕಳೆಯುವ ತನಕ ತಿಗರಿ ತಿರುಗಿಸಬಾರದು ಎಂಬುದು ನಮ್ಮಲ್ಲಿನ ಪದ್ಧತಿ.

ಆದರೆ ಬೆಳಗಾವಿಯಲ್ಲಿ ಹೊಸ ಚಹಾದಂಗಡಿಯೊಂದು ನಮ್ಮ ಕುಡಿಕೆಗಳಿಗಾಗಿ ಕಾದಿತ್ತು. ಹಂಚು, ಕೊಡ ಕೇಳುವವರಿಲ್ಲವಾದ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ತರಬೇತಿಗೆ ಹೋಗಿ ಪ್ಲಾಸ್ಟರಿನ ಅಚ್ಚಿಗೆ ನೀರಾದ ಮಣ್ಣು ಹೊಯ್ದು ಕುಡಿಕೆ ಮಾಡುವುದನ್ನು ಕಲಿತು ಬಂದಿದ್ದಳು. ಎಲ್ಲವೂ ಒಂದೇ ಅಳತೆ. ಅಂಗಡಿಯವರಿಗೆ ಬೇಕಾದದ್ದೂ ಅದೇ. ತೆರೆಯುವ ದಿನಕ್ಕೆ ಮಾಲು ಬಾರದಿದ್ದರೆ ಹೊರಗಿನಿಂದ ತರಿಸುತ್ತೇವೆ ಎಂದು ಅವರು ಬೆಳಗಾವಿಯಲ್ಲೇ ಇರುವ ರಾಮತೀರ್ಥ ನಗರದ ನನ್ನ ಮನೆಗೇ ಬಂದು ಹೇಳಿಹೋಗಿದ್ದರು. ಹೊಸ ದಂಧೆಗೆ ಇದ್ದ ಗಿರಾಕಿ ಅದೊಂದೇ.

ಅಪ್ಪನಿಗೆ ಆ ಅಚ್ಚು ಎಂದೂ ಸೇರಿರಲಿಲ್ಲ. ವೈನಿ ಹೊಯ್ಯಲು ಕೂತಾಗಲೆಲ್ಲ, ಇಡ್ಲಿ ಬೆಂದವೇನು ಎಂದು ಕೇಳಿ ನಗುತ್ತಿದ್ದ. ಅವ್ವ ಮಾತ್ರ ಸೊಸೆಯ ಜೊತೆ ಕೂತು ಕಲಿತಿದ್ದಳು.

ಅವ್ವ ತೀರಿಕೊಂಡ ಮರುದಿನ ಬೆಳಿಗ್ಗೆ, ಆಗುವುದಿಲ್ಲ ಎಂದು ಅಂಗಡಿಯವರಿಗೆ ಹೇಳಲು ಅಣ್ಣ ಫೋನ್ ತೆಗೆದ. ಗೋಡೆಗೆ ಒರಗಿದ್ದ ಅಪ್ಪ ತಡೆದ.

"ತಿಗರಿ ಮುಟ್ಟಬ್ಯಾಡ್ರಿ. ಅಚ್ಚಿನ ಕೆಲಸಾ ಮಾಡ್ರಿ. ಅದೇನು ಕುಂಬಾರಿಕಿ ಅಲ್ಲಲಾ. ಇಡ್ಲಿ ಮಾಡಾಕ ಎಲ್ಲೀ ಸೂತಕ?"

ವೈನಿ ಅಳುತ್ತಲೇ ಕೇಳಿದಳು. "ಮಂದಿ ಏನಂತಾರ್ರೀ, ಮಾವಾರ?"

"ನಾ ಹೇಳೀನಂತ ಹೇಳು. ನಿಮ್ಮತ್ತಿ ಇದ್ದಿದ್ರ ಇಷ್ಟೊತ್ತಿಗೆ ಹೊಯ್ಯಾಕ ಹತ್ತಿರ್ತಿದ್ಲು."

ಈ ಕೊನೆಯ ಮಾತನ್ನು ಅಪ್ಪ ನಿಜವಾಗಿ ಆಡಿದನೋ, ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡೆನೋ ತಿಳಿಯದು. ದಿನವೂ ಬರೆಯುವ ದಿನಚರಿಯನ್ನು ಆ ವಾರ ನಾನು ಬರೆದಿಲ್ಲ. ಅಣ್ಣನಿಗೆ ಇಡ್ಲಿಯ ಮಾತಷ್ಟೇ ನೆನಪಿದೆ.

ಕುಡಿಕೆಗಳು ವೇಳೆಗೆ ಸರಿಯಾಗಿ ತಲುಪಿದವು. ಆ ಅಂಗಡಿ ಈಗಲೂ ನಮ್ಮಿಂದಲೇ ಒಯ್ಯುತ್ತದೆ. ವೈನಿ ಈಗ ಮೆರುಗು ಕೊಡುವುದನ್ನು ಕಲಿಯುತ್ತಿದ್ದಾಳೆ.

ಸೂತಕ ಕಳೆದ ಮೇಲೆ ಅಣ್ಣ ತಿಗರಿ ತೊಳೆದು, ಕುಂಕುಮ ಹಚ್ಚಿ ಅಪ್ಪನನ್ನು ಕರೆದ. ಅಪ್ಪ ಬಂದ, ತಿಗರಿಗೆ ಕೈಮುಗಿದ, ಅದರ ಮುಂದೆ ಕೂರಲಿಲ್ಲ. ವೈನಿಯ ಬಾಜು ಹೋಗಿ ಕೂತು, ಹಸಿ ಕುಡಿಕೆಯೊಂದನ್ನೆತ್ತಿ ಅಚ್ಚಿನ ಹೋಳುಗಳು ಕೂಡುವಲ್ಲಿ ಮೂಡಿದ ಗೆರೆಯನ್ನು ಉಗುರಿನಿಂದ ಕೆರೆಯತೊಡಗಿದ. ಹಾಗೆ ಕೆರೆದರೆ ಬಿರುಕು ಬಿಡುತ್ತದೆ ಎಂದು ವೈನಿ ಮೆಲ್ಲಗೆ ಹೇಳಿ, ಒದ್ದೆ ಸ್ಪಂಜು ಕೊಟ್ಟು ಉಜ್ಜುವ ರೀತಿ ತೋರಿಸಿದಳು. ಅಪ್ಪ ತಲೆಯಾಡಿಸಿ, ಅವಳು ತೋರಿಸಿದ ಹಾಗೆಯೇ ಉಜ್ಜಿದ. ಅವನು ಅಷ್ಟು ವಿಧೇಯನಾಗಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ನೋಡಲಾಗದೆ ಒಳಗೆ ಹೋದೆ.