ಗಿಣಿಯ ಹಿಂದಿನ ಚಕ್ರ

ಊರಿನ ಹೆಸರು ಚೆನ್ನೈ ಎಂದು ಬದಲಾಗಿದ್ದರೂ ನಮ್ಮ ಮನೆಯೊಳಗೆ ಮಾತ್ರ ಇನ್ನೂ ಮದ್ರಾಸೇ ಆಗಿದ್ದ ಕಾಲ ಅದು. ಕೀಲ್ಪಾಕಿನ ನಮ್ಮ ಹಳೆಯ ಮನೆಯ ಮುಂದೆ, ಬೇವಿನ ಮರದಡಿ, ತಾತನ ಕಾರು ನಿಂತಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ತಾತ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಿದ್ದ ಪುಟ್ಟ ಹಸಿರು ಕಾರು. ಬಣ್ಣ ನೋಡಿ ಎಲ್ಲರೂ ಗಿಣಿ ಅನ್ನುತ್ತಿದ್ದೆವು. ಬಾಗಿಲು ತೆರೆದರೆ ಪೆಟ್ರೋಲು, ಹಳೇ ಚರ್ಮ, ಅಜ್ಜಿ ಎಂದೋ ಮುಡಿದಿದ್ದ ಮಲ್ಲಿಗೆ, ಎಲ್ಲ ಸೇರಿದ ಒಂದು ವಾಸನೆ. ಕಣ್ಣಾಮುಚ್ಚಾಲೆ ಆಡುವಾಗ ನಾನು ಬಚ್ಚಿಟ್ಟುಕೊಳ್ಳುತ್ತಿದ್ದುದು ಅದರ ಹಿಂದಿನ ಸೀಟಿನಲ್ಲೇ. ಗೆಳತಿಯರಿಗೆಲ್ಲ ಗೊತ್ತಿದ್ದರೂ ಅಲ್ಲೇ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ಮನೆ ಕೆಡವಿ ಫ್ಲ್ಯಾಟು ಕಟ್ಟುವುದೆಂದು ತೀರ್ಮಾನವಾಯಿತು. ಬಿಲ್ಡರ್ ಕಡೆಯವನೊಬ್ಬ ಬಂದು ಗಿಣಿಯನ್ನು ಕಾಲಿನಿಂದ ತಿವಿದು ನೋಡಿದ. ಬಹಳ ದಿನ ಓಡಿಸದೆ ಅದರ ಹಿಂದಿನ ಒಂದು ಚಕ್ರ ಬ್ರೇಕಿಗೆ ಕಚ್ಚಿಕೊಂಡು, ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ನಮ್ಮ ಸಂದಿಯೊಳಗೆ ಕ್ರೇನು ನುಗ್ಗುವುದಿಲ್ಲ. "ವಂಡಿ ನಗರಲೇನಾ ವೆಟ್ಟಿ ಎಡುತ್ತುಡುವೋಂ ಸಾರ್," ಅಂದ. ತಿಂಗಳ ಕೊನೆಯೊಳಗೆ ಕದಲದಿದ್ದರೆ ಕತ್ತರಿಸಿ ಹೊತ್ತೊಯ್ಯುತ್ತಾರಂತೆ! ನಮ್ಮ ಗಿಣಿಯನ್ನು! ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಚಕ್ರ ಬಿಡಬೇಕಾದರೆ ಒಳಗಿನ ಡ್ರಮ್ ಕಳಚಬೇಕು. ಸುತ್ತಿಗೆಯಲ್ಲಿ ಬಡಿದರೆ ಒಡೆಯುತ್ತದೆ. ಅದನ್ನು ಎಳೆದು ತೆಗೆಯಲು ಆ ಕಾರಿಗೆಂದೇ ಮಾಡಿದ ಪುಲ್ಲರ್ ಬೇಕು. ಪುದುಪೇಟೆಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ತಾತನ ಕೈಹಿಡಿದು ಸುತ್ತಿದೆ. ಪ್ರತಿ ಅಂಗಡಿಯ ಮುಂದೆಯೂ ತಾತ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದಿಂದ ಚಿತ್ರ ಬರೆಯುವರು: ಮೂರು ಕಾಲು, ನಡುವೆ ದಪ್ಪನೆಯ ತಿರುಪು, ತಲೆಯ ಮೇಲೆ ಅಡ್ಡಕ್ಕೊಂದು ಸರಳು. ಅಂಗಡಿಯವರು ಒಳಗಿನಿಂದ ಏನೇನೋ ತಂದು ಸುರಿಯುವರು. ಒಂದು ಸಿಕ್ಕಿತೆಂದು ಕುಣಿಯುತ್ತ ತಂದರೆ ಬೋಲ್ಟಿನ ತೂತುಗಳೇ ಕೂಡಲಿಲ್ಲ.

"ನಮ್ಮದೇ ಒಂದಿತ್ತಲ್ಲೇ ಪುಟ್ಟಿ, ಕಾರಿನ ಜೊತೆಗೇ ಬಂದಿದ್ದು," ತಾತ ಹಲ್ಲು ಕಡಿಯುವರು. "ಆ ಬಸವರಾಜ ತೊಗೊಂಡು ಹೋದ. ನುಂಗಿ ನೀರು ಕುಡಿದ."

ಈ ಬಸವರಾಜಪ್ಪನವರನ್ನು ನಾನು ಕಂಡೇ ಇರಲಿಲ್ಲ. ಧಾರವಾಡದ ಕಡೆಯವರು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ನಾನು ಹುಟ್ಟುವ ಮೊದಲು ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಹಾಜರ್. ಇಬ್ಬರೂ ಗಿಣಿಯ ಕೆಳಗೆ ತೂರಿಕೊಳ್ಳುವುದು, ಊಟ ಇಲ್ಲೇ, ಹರಟೆ ಇಲ್ಲೇ. ಯಾರದೋ ಕಾರಿಗೆಂದು ಅವರು ಪುಲ್ಲರ್ ಒಯ್ದರು. ವಾಪಸು ಕೊಟ್ಟೆ ಎಂದರು. ತಾತ ಇಲ್ಲವೆಂದರು, ಬೀದಿಯಲ್ಲಿ ನಿಂತು ಕಳ್ಳ ಎಂದರು. ಅಲ್ಲಿಗೆ ಹೋಗಿಬರುವುದೇ ನಿಂತಿತು. ಆಟದಲ್ಲಿ ಯಾರಾದರೂ ಬಳಪ ಲಪಟಾಯಿಸಿದರೆ ನಾವು ಮಕ್ಕಳೂ "ಪೆರಂಬೂರ್ ಬಸವರಾಜ!" ಎಂದು ಕೂಗುತ್ತಿದ್ದೆವು.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಲಕ್ಷ್ಮಿಯ ಅಲಂಕಾರ ಅಜ್ಜಿಯೊಬ್ಬಳದೇ ಕೆಲಸ. ಮಡಿಯುಟ್ಟು ದೇವರ ಕೋಣೆಯ ಬಾಗಿಲು ಹಾಕಿಕೊಂಡಳೆಂದರೆ ಅಮ್ಮನಿಗೂ ಪ್ರವೇಶವಿಲ್ಲ. ಬಾಗಿಲು ತೆರೆದಾಗ ಕಲಶದ ಮೇಲೆ ಬೆಳ್ಳಿಯ ಮುಖ, ಕೆಳಗೆ ನೆರಿಗೆ ಹರಡಿ ನೆಟ್ಟಗೆ ನಿಂತ ರೇಷ್ಮೆ ಸೀರೆ, ಥೇಟ್ ಮಾತಾಡುವ ಹೆಂಗಸು. "ಎಪ್ಪಡಿ ಮಾಮಿ, ಸೀರೆ ಹೇಗೆ ನಿಲ್ಲಿಸ್ತೀರಿ?" ಎಂದು ಅಕ್ಕಪಕ್ಕದವರು ಕೇಳಿದರೆ ಅಜ್ಜಿ ನಕ್ಕು ಕೈಗೆ ತಾಂಬೂಲ ಕೊಟ್ಟು ಕಳಿಸುವಳು.

ಆ ವರ್ಷ ಅವಳ ಮಣಿಕಟ್ಟು ಉಳುಕಿತ್ತು. ಹಬ್ಬದ ಮರುದಿನ ಪೂಜೆ ಮುಗಿಸಿ ಕಲಶ ಕದಲಿಸಿದ ಮೇಲೆ ನನ್ನನ್ನು ಕರೆದಳು.

"ಸ್ನಾನ ಆಯ್ತೇನೇ? ಪಿನ್ನು ಮಾತ್ರ ಬಿಚ್ಚಿಕೊಡು. ಸೀರೆ ನಾನು ತೆಗೀತೀನಿ."

ಬಾಡಿದ ಹೂವು, ಕರ್ಪೂರ, ನಿನ್ನೆಯ ಒಬ್ಬಟ್ಟಿನ ತುಪ್ಪದ ವಾಸನೆ. ಎರಡನೇ ಪಿನ್ನು ಬಿಚ್ಚಿದ್ದೇ ಸೀರೆ ಸರ್ರನೆ ಜಾರಿಬಿತ್ತು. ಒಳಗೆ ಮೂರು ಕಾಲು. ನಡುವೆ ತಿರುಪು. ಮೇಲೆ ಅಡ್ಡ ಸರಳು, ಅದೇ ಲಕ್ಷ್ಮಿಯ ಭುಜ! ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಬಳಿದು ಕುಂಕುಮ ಇಟ್ಟಿದ್ದರೂ ನನಗೆ ಗುರುತು ಸಿಗದೆ ಇರುತ್ತದೆಯೇ? ಅಯ್ಯೋ ದೇವರೇ!

"ತಾತಾ! ಸೀಕ್ರಂ, ಬೇಗ ಬನ್ನಿ! ಪುಲ್ಲರ್ ಇಲ್ಲಿದೆ!"

ಅಜ್ಜಿ ನನ್ನ ಬಾಯಿ ಮುಚ್ಚುವಷ್ಟರಲ್ಲಿ ಕೂಗಿಯಾಗಿತ್ತು. ತಾತ ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿಬಂದವರು ಬಾಗಿಲಲ್ಲಿ ನಿಂತುಬಿಟ್ಟರು.

"ಬಸವರಾಜಪ್ಪ ನನ್ನ ಕೈಲೇ ಕೊಟ್ಟು ಹೋದರು," ಅಂದಳು ಅಜ್ಜಿ. "ಹಬ್ಬದ ಹಿಂದಿನ ದಿನ. ನೀವು ಮನೇಲಿರಲಿಲ್ಲ. ನನ್ನ ಮರದ ಸ್ಟ್ಯಾಂಡಿಗೆ ಗೆದ್ದಲು ಹಿಡಿದಿತ್ತು. ಒಂದು ದಿನಕ್ಕೆ ಅಂತ ಇದನ್ನ ನಿಲ್ಲಿಸಿದೆ."

"ಆಮೇಲೆ ಕೊಡೋಕೆ ಏನಾಗಿತ್ತೇ?"

"ಆ ತಿಂಗಳೇ ನಮ್ಮ ಸೊಸೆಗೆ ಬಸುರು ನಿಂತಿತು. ಎಷ್ಟು ವರ್ಷ ಕಾದಿದ್ವಿ, ಮರೆತುಬಿಟ್ರಾ?" ಅಜ್ಜಿ ನನ್ನತ್ತ ಕೈ ತೋರಿಸಿದಳು. "ಲಕ್ಷ್ಮಿ ಇದರ ಮೇಲೆ ನಿಂತೇ ಇವಳನ್ನ ಕೊಟ್ಟಳು. ಗ್ರೀಸಿಗೆ ಹಾಕಿ ಅಂತ ಹೇಗೆ ಕೊಡಲಿ? ಮಗುಗೆ ಏನಾದ್ರೂ ಆದ್ರೆ? ಹೆರಿಗೆ ಆಗಲಿ, ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಅವರನ್ನ ಬೀದೀಲಿ ಕಳ್ಳ ಅಂದಾಗಿತ್ತು. ಅವರು ನನ್ನ ಹೆಸರು ಎತ್ತಲೇ ಇಲ್ಲ, ಆಮೇಲೆ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ನನಗೋಸ್ಕರ! ಪುದುಪೇಟೆಯಲ್ಲೆಲ್ಲ ಹುಡುಕಿದ್ದು ನಮ್ಮ ದೇವರ ಕೋಣೆಯಲ್ಲಿತ್ತು, ಅದೂ ನಾನು ಹುಟ್ಟಬೇಕೆಂದು! ಸಾರಿಗೆ ಉಪ್ಪು ಕಡಿಮೆಯಾದರೆ ಮನೆ ಎತ್ತಿ ಹಾಕುವ ತಾತ ಈಗ ಏನು ಮಾಡುತ್ತಾರೋ ಎಂದು ಹೆದರಿದೆ. ಅವರು ಮುಖದ ನೊರೆ ಒರೆಸಿಕೊಂಡು, ಅದೇ ಟವಲಿನಲ್ಲಿ ಪುಲ್ಲರ್ ಸುತ್ತಿಕೊಂಡು, "ಪುಟ್ಟಿ, ಚಪ್ಪಲಿ ಹಾಕ್ಕೋ," ಅಂದರು.

ಆಟೋದಲ್ಲಿ ಪೆರಂಬೂರಿಗೆ ಹೋದೆವು. ಬಾಗಿಲು ತೆಗೆದವರು ಹಣೆತುಂಬ ವಿಭೂತಿ ಹಚ್ಚಿದ ಒಬ್ಬ ಎತ್ತರದ ಮುದುಕರು. ತಾತ ಟವಲು ಬಿಚ್ಚಿ ತೋರಿಸಿದರು. ನಾನೇ ಗಡಗಡ ಎಲ್ಲ ಒದರಿದೆ. ಬಸವರಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲಕ್ಷ್ಮೀದೇವಿ ಬೆನ್ನೆಲುಬಾಗಿತ್ತೇನ ಇದು!"

ಸದ್ಯ, ಎಲ್ಲ ಸರಿಹೋಯಿತು ಎಂದು ನಾನೂ ನಕ್ಕೆ. ಅವರ ನಗು ನಿಂತುಹೋಯಿತು.

"ಸಾಮಾನು ಸಿಕ್ತು, ಬಂದ್ರಿ. ಸಿಗದಿದ್ದರ ಬರ್ತಿದ್ರೇನ್ರಿ, ರಾಯರ?"

ತಾತ ಹೌದು ಅನ್ನುತ್ತಾರೆಂದು ಕಾದೆ. ತಾತ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದರು.

"ಗಾಡಿ ಏನ್ ತಪ್ಪು ಮಾಡೇತಿ? ನಡೀರಿ," ಎಂದು ಬಸವರಾಜಪ್ಪನೇ ಹೊರಟರು. ಆಟೋದಲ್ಲಿ ನಮ್ಮ ಜೊತೆ ಕೂರದೆ ಡ್ರೈವರ್ ಪಕ್ಕ ತೂರಿಕೊಂಡರು.

ಬೇವಿನ ಮರದಡಿ ಇಬ್ಬರೂ ಕೆಲಸಕ್ಕಿಳಿದರು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಸರಿಯಾದ ಸ್ಪ್ಯಾನರನ್ನೇ ಇಡುತ್ತಿದ್ದರು. ಬಸವರಾಜಪ್ಪ ಪುಲ್ಲರ್ ಕೂರಿಸಿ ತಿರುಪು ಬಿಗಿದು ತುದಿಗೊಂದು ಏಟು ಕೊಟ್ಟರು. ಢಬ್! ಮರದ ಕಾಗೆಗಳೆಲ್ಲ ಹಾರಿದವು. ಡ್ರಮ್ ಕೈಗೆ ಬಂತು. ನಾನು ಕುಣಿದುಬಿಟ್ಟೆ.

ಅಜ್ಜಿ ಕಣ್ಣೊರೆಸಿಕೊಂಡು ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. "ತಪ್ಪು ನಂದು, ಬಸವರಾಜಪ್ಪನೋರೇ. ಒಂದು ಗುಟುಕು ತೊಗೊಳ್ಳಿ."

ಅವರು ನಲ್ಲಿಯಲ್ಲಿ ಕೈ ತೊಳೆದು, ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟರು. "ಕೂಸು ಚಲೋ ಐತ್ರಿ, ಅಕ್ಕಾರ," ಅಂದು ಗೇಟು ದಾಟಿ ಹೋಗಿಬಿಟ್ಟರು. ನಮ್ಮ ಮನೆಗೆ ಬಂದವರು ಕಾಫಿ ಮುಟ್ಟದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ತಾತ ಆ ಲೋಟ ಎತ್ತಿಕೊಂಡು ತಣ್ಣನೆಯ ಕಾಫಿಯನ್ನು ಕುಡಿದರು. ಬಸವರಾಜಪ್ಪ ಮತ್ತೆ ಬರಲಿಲ್ಲ.

ಗಿಣಿ ಉಳಿಯಿತು. ಹಳೇ ಕಾರು ಸಾಕುವವರೊಬ್ಬರು ಅದನ್ನು ಓಡಿಸಿಕೊಂಡೇ ಹೋದರು, ಪುಲ್ಲರೂ ಅದರ ಜೊತೆಗೇ ಹೋಯಿತು. ಬೇವಿನ ಮರವಿದ್ದ ಕಡೆ ಈಗ ಲಿಫ್ಟು. ನನ್ನ ಲಕ್ಷ್ಮಿ ನಿಲ್ಲುವುದು ಅಣ್ಣಾ ನಗರದ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಸ್ಟ್ಯಾಂಡಿನ ಮೇಲೆ. ತಾತನೂ ಬಸವರಾಜಪ್ಪನೂ ಗಿಣಿಯ ಕೆಳಗೆ ಮಲಗಿ ಹರಟುವ ಒಂದು ಭಾನುವಾರವನ್ನೂ ನಾನು ನೋಡಲಿಲ್ಲವಲ್ಲ ಎಂದು ಪ್ರತಿ ಹಬ್ಬಕ್ಕೂ ಹೊಟ್ಟೆ ಉರಿಯುತ್ತದೆ. ತಾತ ಬದುಕಿನಲ್ಲಿ ಸುಳ್ಳು ಹೇಳಿದವರಲ್ಲ, ನನಗೆ ಅದೇ ಹೆಮ್ಮೆ. ಆದರೂ ಅಂದು ಆ ಬಾಗಿಲಲ್ಲಿ "ಬರ್ತಿದ್ದೆ ಕಣೋ" ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ, ಆ ಕಾಫಿ ಬಿಸಿಯಿರುವಾಗಲೇ ಖಾಲಿಯಾಗುತ್ತಿತ್ತು.