ಮೂಕ ಭಜಿ

ಅಪ್ಪನ ಎದೆಗೆ ಒಳ್ಳೆಯದಾಗಲಿ ಎಂದು ನಾನು ರಾಣೆಬೆನ್ನೂರಿನ ಸಂತೆಯಿಂದ ತಂದ ಒಂದು ಹಂಚು, ಅವ್ವನಿಂದ ಒಲೆಯನ್ನೇ ಬಿಡಿಸಿಬಿಡುವುದರಲ್ಲಿತ್ತು. ಹಂಚಿನ ತಪ್ಪೇನೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಇರುವಂಥ ಪಡ್ಡಿನ ಹಂಚು. ನಡುವೆ ಒಂದು ಗುಳಿ, ಸುತ್ತ ಆರು. ತಪ್ಪು ನನ್ನದು.

ನಮ್ಮ ಮನೆ ಬ್ಯಾಡಗಿಯಲ್ಲಿ. ಇರುವವರು ಮೂವರು. ಅಪ್ಪ ಮೆಣಸಿನಕಾಯಿ ಪೇಟೆಯ ಒಂದು ಅಂಗಡಿಯಲ್ಲಿ ಮಾಲು ನೋಡುತ್ತಾನೆ. ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತಿ, ಒಣಗಿದೆಯೋ ಹಸಿಯಿದೆಯೋ, ಬಣ್ಣ ಎಷ್ಟು ಬಿಟ್ಟೀತು ಎಂದು ಹೇಳುವುದು ಅವನ ಕೆಲಸ. ನಾನು ರಾಣೆಬೆನ್ನೂರಿನಲ್ಲಿ ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಆರೂವರೆಗೆ ಅಪ್ಪನೂ ನಾನೂ ಹೆಚ್ಚುಕಡಿಮೆ ಒಟ್ಟಿಗೇ ಮನೆ ಸೇರುತ್ತೇವೆ. ಅಪ್ಪ ಅಂಗಳದಲ್ಲಿ ಅಂಗಿ ಝಾಡಿಸುತ್ತಾನೆ, ಮೂವರೂ ಸೀನುತ್ತೇವೆ, ಸೀನಿ ಮುಗಿಯುವಷ್ಟರಲ್ಲಿ ಒಳಗೆ ಅವ್ವನ ಬಾಣಲೆಯಲ್ಲಿ ಚುಂಯ್ ಎಂದಿರುತ್ತಿತ್ತು. ಒಂದು ದಿನ ಉಳ್ಳಾಗಡ್ಡಿ ಭಜಿ, ಒಂದು ದಿನ ಮಿರ್ಚಿ, ಒಂದು ದಿನ ಹೀರೇಕಾಯಿ. ನಾನು ಹುಟ್ಟುವ ಮೊದಲಿನಿಂದಲೂ ಇದು ಹೀಗೇ ಇತ್ತಂತೆ.

ಕಳೆದ ಚಳಿಗಾಲದಲ್ಲಿ ಅಪ್ಪನ ಎದೆಯ ಒಂದು ನಾಳಕ್ಕೆ ಸ್ಟೆಂಟ್ ಹಾಕಿದರು. ತಿಂಗಳಾದ ಮೇಲೆ ಹಾವೇರಿಯ ಡಾಕ್ಟರು ಚೀಟಿಯ ಕೆಳಗೆ ಗೆರೆ ಎಳೆದು ಹೇಳಿದರು: "ಕರದದ್ದು ಪೂರಾ ಬಂದ್ ಮಾಡ್ರಿ." ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಅಪ್ಪ ಇಷ್ಟೇ ಅಂದ:

"ಅವ್ವನ ಮುಂದ ಭಜಿ ಸುದ್ದಿ ಲಗೂನ ಎತ್ತಬ್ಯಾಡ. ಅಕಿಗೆ ತ್ರಾಸ ಆಕ್ಕೈತಿ."

ತ್ರಾಸ ಭಜಿ ಬಿಡುವವನಿಗಲ್ಲವೇ, ಮಾಡುವವಳಿಗೇಕೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ನಮ್ಮ ಮನೆಯಲ್ಲಿ ಕೇಳುವ ರೂಢಿ ಕಡಿಮೆ.

ಉದಾಹರಣೆಗೆ, ಅವ್ವನ ಕಣ್ಣಿನ ವಿಷಯ. ಸಕ್ಕರೆ ಕಾಯಿಲೆ ನಾಲ್ಕು ವರ್ಷಗಳಲ್ಲಿ ಅವಳ ಎರಡೂ ಕಣ್ಣಿನ ಪರದೆ ಕೆಡಿಸಿತ್ತು. ಉಳಿದದ್ದನ್ನು ಕಾಯ್ದುಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಮಗೆ ಮೂವರಿಗೂ ಗೊತ್ತಿತ್ತು. ಅವಳು ಎದುರಿಗಿದ್ದವರನ್ನು ಮುಖ ಸ್ವಲ್ಪ ಓರೆ ಮಾಡಿ ನೋಡುತ್ತಾಳೆ. ಹೊಸಬರು ಸೊಕ್ಕು ಎಂದುಕೊಳ್ಳುತ್ತಾರೆ. ಆದರೆ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಅವಳು ಹೇಳಿರಲಿಲ್ಲ. ಅಡುಗೆ ಎಂದಿನಂತೆ ನಡೆಯುತ್ತಿತ್ತಲ್ಲ, ಹಾಗಾಗಿ ನಾವೂ ಕೇಳಿರಲಿಲ್ಲ.

ನಾನು ಹಂಚು ತಂದೆ. ಪ್ರಯೋಗಾಲಯದಲ್ಲಿ ನೂರು ಬೀಜ ಹಾಕಿ ಮೊಳೆತದ್ದನ್ನು ಎಣಿಸುವವಳು ನಾನು. ಭಜಿಯನ್ನೂ ಹಾಗೆಯೇ ಲೆಕ್ಕ ಹಿಡಿದು ಮಾಡಿದೆ. ಗಜ್ಜರಿ, ಅಂದರೆ ಕ್ಯಾರೆಟ್ಟು, ತುರಿದು, ಹೀರೇಕಾಯಿ ತುರಿದು, ಮೆಂತ್ಯಪಲ್ಲೆ ಸಣ್ಣಗೆ ಹೆಚ್ಚಿ, ಚೂರು ಉಪ್ಪು ಹಾಕಿ ಹತ್ತು ನಿಮಿಷ ಬಿಡುವುದು. ಅವು ಬಿಟ್ಟ ನೀರಿನಲ್ಲೇ ಹಿಟ್ಟು ಕಲಸುವುದು, ಬೇರೆ ನೀರು ಬೇಡ. ಕಡಲೆ ಹಿಟ್ಟು ಎರಡು ಪಾಲು, ಜೋಳದ ಹಿಟ್ಟು ಒಂದು ಪಾಲು, ಒಂದು ಚಮಚ ಮೊಸರು, ಅಂಗೈಯಲ್ಲಿ ತಿಕ್ಕಿದ ಅಜವಾನ, ನಮ್ಮೂರ ಮೆಣಸಿನಕಾಯಿಯ ತರಿ ಪುಡಿ. ಗುಳಿಗೆ ಮೂರು ಹನಿ ಎಣ್ಣೆ. ಸಣ್ಣ ಉರಿ, ಮೇಲೆ ಹಂಚಿನ ಜೊತೆ ಬಂದ ಗಾಜಿನ ಮುಚ್ಚಳ, ಫೋನಿನಲ್ಲಿ ನಾಲ್ಕು ನಿಮಿಷದ ಗಂಟೆ. ತಿರುವಿ ಮತ್ತೆ ಮೂರು ನಿಮಿಷ. ಏಳು ಭಜಿಗೆ ಒಂದು ಚಮಚ ಎಣ್ಣೆಯೂ ಖರ್ಚಾಗಲಿಲ್ಲ. ಹೊರಗೆ ಗರಿ, ಒಳಗೆ ಮೆತ್ತಗೆ. ನನಗೆ ಹೆಮ್ಮೆಯಾಗಿತ್ತು.

ಅಪ್ಪ ಒಂದನ್ನು ಬೆಳಕಿಗೆ ಹಿಡಿದು, ಮಾಲು ನೋಡುವಂತೆ ನೋಡಿದ.

"ಕಡಬಿನ ತಮ್ಮ ಇದ್ದಂಗ ಅದಾನ ನೋಡು," ಅಂದ. ತಿಂದ ಮೇಲೆ, "ಚಲೋ ಐತಿ. ಖರೇನ ಚಲೋ ಐತಿ," ಅಂದ.

ಅವ್ವ ಒಂದು ತಿಂದಳು. "ಉಪ್ಪು ಬರೋಬ್ಬರಿ ಐತಿ," ಅಂದು ಎದ್ದು ಹೋದಳು.

ಅಂದಿನಿಂದ ಸಂಜೆಯ ಒಲೆ ನನ್ನದಾಯಿತು. ನಾನು ಬಸ್ಸಿಳಿದು ಬಂದು ಕೈತೊಳೆದು ತೂಕ ಮಾಡುವಾಗ ಅವ್ವ ನಡುಮನೆಯ ಕಂಬಕ್ಕೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಸಂಜೆ ಮಗ್ಗಲ ಮನೆಯ ಕಾಕಿ ಬಾಗಿಲಲ್ಲಿ ಇಣುಕಿದಳು.

"ಏನಕ್ಕಾ, ಮನ್ಯಾಗ ಅದೀರೋ ಇಲ್ಲೋ? ಹದಿನೈದ ದಿನ ಆತು, ನಿಮ್ಮ ಮನಿ ಚುಂಯ್ ಅನ್ನೂದ ಕೇಳವಲ್ದು. ನಾ ಅದನ್ನ ಕೇಳೇ ದೇವರ ದೀಪಾ ಹಚ್ಚತಿದ್ದೆ. ಈಗ ದೇವರು ಕತ್ತಲ್ಯಾಗ ಕುಂತಾನ."

"ನಮ್ಮ ಮನ್ಯಾಗ ಈಗ ಮೂಕ ಭಜಿ, ತಂಗಿ," ಅಂದಳು ಅವ್ವ. "ಸದ್ದಿಲ್ದ ಹುಟ್ಟತಾವು, ಸದ್ದಿಲ್ದ ಹೊಟ್ಟಿಗೆ ಹೋಗ್ತಾವು."

ಕಾಕಿ ನಕ್ಕಳು, ನಾನೂ ನಕ್ಕೆ. ಹಂಚನ್ನು ಅವ್ವ ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡೆ. ಎರಡು ದಿನ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೂ ಒಯ್ದು, "ಮೂಕ ಭಜಿ ತಗೋರಿ" ಎಂದು ಗೆಳತಿಯರಿಗೆ ಹಂಚಿದೆ.

ಮರುವಾರದ ಶನಿವಾರ ಕೆಲಸ ತಡವಾಯಿತು. ಬಸ್ಸೂ ತಡ. ಅಪ್ಪನೂ ಇನ್ನೂ ಪೇಟೆಯಿಂದ ಬಂದಿರಲಿಲ್ಲ; ಮನೆ ಹೊಕ್ಕಾಗ ಕರಕಲು ವಾಸನೆ. ಒಲೆಯ ಮೇಲೆ ಹಂಚಿತ್ತು. ಅಂಚಿನ ಆರು ಭಜಿಗಳ ತಳ ಕಪ್ಪಾಗಿ ಒಳಗೆ ಹಸಿ ಹಿಟ್ಟು, ನಡುವಿನ ಗುಳಿ ಖಾಲಿ, ಅದರ ಸುತ್ತ ಹಿಟ್ಟು ಚೆಲ್ಲಿ ಹೊಗೆಯಾಡುತ್ತಿತ್ತು. ಅವ್ವ ನಳದ ಕೆಳಗೆ ಕೈ ಹಿಡಿದು ನಿಂತಿದ್ದಳು. ತೋರುಬೆರಳು, ನಡುಬೆರಳು ಎರಡರ ತುದಿಯೂ ಬೊಬ್ಬೆ ಎದ್ದಿತ್ತು. ಗುಳಿ ಎಲ್ಲಿದೆ ಎಂದು ಬೆರಳಿನಿಂದ ಹುಡುಕಿದ್ದಳು.

"ನಿಮ್ಮಪ್ಪ ಹಸದು ಬರ್ತಾರಂತ ಒಲಿ ಹಚ್ಚಿದೆ," ಅಂದಳು. "ಈ ಹಂಚ ಮೂಕ ಐತೇ ಯವ್ವಾ. ಏನ ಕೇಳಿದ್ರೂ ಹೇಳವಲ್ದು."

ಆಗ ನನಗೆ ತಿಳಿಯಿತು. ನಾಲ್ಕು ವರ್ಷ ಅವ್ವ ಬಾಣಲೆ ನೋಡಿ ಭಜಿ ಕರಿದಿರಲಿಲ್ಲ, ಕೇಳಿ ಕರಿದಿದ್ದಳು. ಹಿಟ್ಟು ಬಿದ್ದಾಗ ತಗಡಿನ ಮೇಲೆ ಮಳೆ ಬಿದ್ದಂಥ ದಪ್ಪ ಸದ್ದು. ಅದು ತೆಳ್ಳಗಾದಾಗ ತಿರುವುವುದು. ಚಿಟಿಚಿಟಿ ಎಂದು ನಿಲ್ಲಲು ಬಂದಾಗ ತೆಗೆಯುವುದು. ಮೂಕ ಎಂಬುದು ಹಾಸ್ಯವಾಗಿರಲಿಲ್ಲ. ಅವಳು ತನಗೆ ಕಾಣುವುದಿಲ್ಲ ಎಂದು ಹೇಳುವ ಬದಲು ಹಂಚಿಗೆ ಬಾಯಿಲ್ಲ ಎಂದು ಹೇಳಿದ್ದಳು.

ತಿಳಿದ ಮೇಲೆ ನಾನು ಆಡಿದ ಮಾತು ಬೇರೆಯಾಗಬೇಕಿತ್ತು. ಬೊಬ್ಬೆ ನೋಡಿ ಹೆದರಿದ್ದೆ. ಹೆದರಿದಾಗ ನನ್ನ ದನಿ ಗಟ್ಟಿಯಾಗುತ್ತದೆ.

"ಇನ್ನ ಮ್ಯಾಲೆ ನೀ ಒಲಿ ಮುಂದ ಬರಬ್ಯಾಡವಾ. ಮುಂಜಾನಿದೂ ನಾನ ಮಾಡಿಟ್ಟು ಹೋಗ್ತೇನಿ."

ಅವ್ವ ಜಗಳಾಡಲಿಲ್ಲ. ಅದೇ ಕಷ್ಟವಾದದ್ದು. ಮಾತು ಕೇಳಿದಳು. ಬೆಳಗ್ಗೆ ಐದಕ್ಕೆದ್ದು ರೊಟ್ಟಿ ನಾನು ಬಡಿದೆ, ಅವಳು ಕಂಬಕ್ಕೆ ಒರಗಿ ಕೂತಳು. ನೀರು ಬೇಕಾದರೂ "ಒಳಗ ಬರಲ್ಯಾ?" ಎಂದು ಕೇಳಿ ಬಂದಳು. ತನ್ನ ಅಡುಗೆಮನೆಗೆ. ಮಾತಿನ ನಡುವೆ ಹಾಕುತ್ತಿದ್ದ ಗಾದೆಗಳು ನಿಂತವು. ಮೂರನೇ ಸಂಜೆ ಅಪ್ಪ ತಟ್ಟೆ ಮುಟ್ಟಲಿಲ್ಲ.

"ಹಸಿವಿಲ್ಲ."

ನಾಲ್ಕನೇ ಸಂಜೆಯೂ ಹಸಿವಿಲ್ಲ. ಅಂಗಳಕ್ಕೆ ಹೋಗಿ ನಾನೇ ಕೇಳಿದೆ: "ಅಪ್ಪಾ, ಡಾಕ್ಟರ್ ಹೇಳಿದ್ದು ಮರತಿಯೇನು? ನಿನ್ನ ಸಲವಾಗೇ ಮಾಡಾಕತ್ತೇನಿ."

ಅಪ್ಪ ಅಂಗಿ ಮಡಿಚುತ್ತಿದ್ದ. ತಲೆ ಎತ್ತಲಿಲ್ಲ.

"ಮರತಿಲ್ಲ. ಡಾಕ್ಟರ್ ನನಗ ಎಣ್ಣಿ ಬಿಡು ಅಂದಾರ, ಬಿಟ್ಟೇನಿ. ಅಕಿಗೆ ಒಲಿ ಬಿಡು ಅಂತ ಯಾರಂದ್ರು?"

ಅವನೇ ಮೆತ್ತಗಾದ.

"ಕೇಳ ಇಲ್ಲೆ. ಪ್ಯಾಟ್ಯಾಗ ನಾ ಮೆಣಸಿನಕಾಯಿ ಕಣ್ಣಿಂದ ನೋಡ್ತೇನಿ ಅಂತ ತಿಳದೀಯೇನ? ಹಸಿ ಇದ್ದದ್ದ ಕಣ್ಣಿಗೆ ಭಾಳ ಚಂದ ಕಾಣತೈತಿ, ಕೆಂಪಗ ಮಿಂಚತೈತಿ. ಕಣ್ಣ ನಂಬಿದಂವ ಕೆಟ್ಟ. ಕಿವಿ ಹತ್ರ ಹಿಡದು ಅಲುಗಸ್ಬೇಕು, ಒಳಗ ಬೀಜ ಗಿಲಿಗಿಲಿ ಅಂದ್ರ ಒಣಗೇತಿ. ನಿಮ್ಮವ್ವ ಏನೂ ಹೊಸಾದ ಮಾಡಿಲ್ಲ. ಹಂಚಿಗೆ ಬಾಯಿಲ್ಲಂದ್ರ ಬಾಯಿ ಮಾಡಿಸಿ ಕೊಡು. ಕಲತಾಕಿ ಅದಿ."

ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಹಂಚು ಇಟ್ಟು ಕಣ್ಣು ಮುಚ್ಚಿ ನಿಂತೆ. ಏನೂ ಕೇಳಲಿಲ್ಲ. ಯೋಚಿಸಿದೆ. ಬಾಣಲೆಯ ಸದ್ದು ಎಣ್ಣೆಯದಲ್ಲ; ಹಿಟ್ಟಿನೊಳಗಿನ ನೀರು ಬಿಟ್ಟು ಹೋಗುವ ಸದ್ದು. ನೀರು ಈ ಹಂಚಿನಿಂದಲೂ ಬಿಟ್ಟು ಹೋಗುತ್ತದೆ, ಆದರೆ ಗಾಜಿನ ಮುಚ್ಚಳ ಭಾರ, ಬಿಗಿ. ಆವಿ ಅದರ ಒಂದು ಸಣ್ಣ ತೂತಿನಿಂದ ಸುಮ್ಮನೆ ಹೊರಟು ಹೋಗುತ್ತದೆ. ಸ್ಟೀಲಿನ ತಟ್ಟೆ ಮುಚ್ಚಿದೆ, ಸದ್ದಿಲ್ಲ. ಹಿತ್ತಾಳೆಯದು ಮುಚ್ಚಿದೆ, ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಕಪಾಟಿನ ಹಿಂದೆ ಅಲ್ಯೂಮಿನಿಯಮ್ಮಿನ ಹಳೆಯದೊಂದು ಹಗುರ ಜರ್ಮನ್ ಮುಚ್ಚಳ ಸಿಕ್ಕಿತು. ಚಿಕ್ಕವಳಿದ್ದಾಗ ನಾನೇ ಬೀಳಿಸಿ ಅಂಚು ಸೊಟ್ಟ ಮಾಡಿದ್ದು. ಅಂದಿನಿಂದ ಯಾವ ಪಾತ್ರೆಯ ಮೇಲೂ ಸರಿಯಾಗಿ ಕೂಡದೆ ಮೂಲೆ ಸೇರಿತ್ತು.

ಹೊಸ ಹಿಟ್ಟು ಹಾಕಿ ಅದನ್ನು ಮುಚ್ಚಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸೊಟ್ಟ ಅಂಚು ಹಂಚನ್ನು ಕುಟ್ಟತೊಡಗಿತು. ಕಟಕಟ, ಕಟಕಟ, ದಪ್ಪಗೆ, ಬಿಡದೆ.

"ಅದೇನದು?" ನಡುಮನೆಯಿಂದ ಅವ್ವನ ದನಿ.

"ಮುಚ್ಚಳಾ."

ಸದ್ದು ನಿಧಾನಕ್ಕೆ ತೆಳ್ಳಗಾಗುತ್ತಾ ಬಂತು. ನನ್ನ ಫೋನು ನಾಲ್ಕು ನಿಮಿಷವಾಯಿತು ಎಂದು ಬಡಿದುಕೊಂಡಿತು. ನಾನು ಮುಚ್ಚಳಕ್ಕೆ ಕೈ ಹಾಕಿದೆ.

"ತಡಿ, ತಡಿ," ಅವ್ವ ಕೂತಲ್ಲಿಂದಲೇ ಗದರಿಸಿದಳು. "ಏನ ಅವಸರ ಐತಿ? ಇನ್ನೂ ಒಳಗ ನೀರೈತಿ. ತೆಗೀಬ್ಯಾಡ."

ಫೋನನ್ನು ಬಂದ್ ಮಾಡಿ ನಿಂತೆ. ಕಟ... ಕಟ... ಎಂದು ಎರಡು ಸಲ, ಬಹಳ ದೂರ ದೂರ.

"ಈಗ ತಿರುವು."

ತಿರುವಿದೆ. ಏಳೂ ಒಂದೇ ಬಣ್ಣ, ಒಳ್ಳೆಯ ಕಂದು. ನನ್ನ ನಾಲ್ಕು ನಿಮಿಷದ ಭಜಿ ಯಾವತ್ತೂ ಅಷ್ಟು ಚೆನ್ನಾಗಿ ಆಗಿರಲಿಲ್ಲ.

"ಅವ್ವಾ," ಎಂದೆ. "ಇನ್ನೊಂದು ಒಬ್ಬಿ ನೀ ಹಾಕು ಬಾ."

ಅವಳು ಹೊಸ್ತಿಲಲ್ಲಿ ನಿಂತಳು. "ಬರಬ್ಯಾಡ ಅಂದಿದ್ದಿಲ್ಲ?"

"ಅಂದಿದ್ದೆ. ತಪ್ಪಾತು, ಬಾ."

ತಪ್ಪಾಯಿತು ಎಂದು ನಾನು ಅವ್ವನಿಗೆ ಹೇಳಿದ ನೆನಪು ಅದಕ್ಕೆ ಮೊದಲು ಇಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಮುಂದೆ ಬಂದಳು. ಸೌಟು ಹಿಡಿದು, ಮುಖ ಓರೆ ಮಾಡದೆ, ಹಂಚನ್ನು ನೆಟ್ಟಗೆ ನೋಡಿದಳು. ಸರಸರ ಅಂಚಿನ ಆರು ಗುಳಿಗೂ ಹಿಟ್ಟು ಬಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಕೈ ನಿಂತಿತು.

"ನಡುವಿನ ಗುಳಿ ಮ್ಯಾಲೆ ಕಣ್ಣಿಟ್ರ ಸುತ್ತಲಿನ ಆರೂ ಕಾಣ್ತಾವು," ಅಂದಳು, ತರಕಾರಿ ಬೆಲೆ ಹೇಳುವ ದನಿಯಲ್ಲಿ. "ನಡುವಿಂದ ಕಾಣೂದಿಲ್ಲ. ಎಲ್ಲಿ ನೋಡ್ತೇನೋ ಅಲ್ಲೇ ಕಾಣೂದಿಲ್ಲ. ನಿನ್ನ ಮಾರಿನೂ ಹಂಗ. ಕಿವ್ಯಾಗಿನ ಬೆಂಡ್ವಾಲಿ ಕಾಣ್ತಾವು, ಮೂಗು ಕಾಣೂದಿಲ್ಲ."

ನಾಲ್ಕು ವರ್ಷಗಳಲ್ಲಿ ಅವಳು ತನ್ನ ಕಣ್ಣಿನ ಬಗ್ಗೆ ಹೇಳಿದ್ದು ಅದೇ ಮೊದಲು. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು ನಡುವಿನ ಗುಳಿಗೆ ಹಿಟ್ಟು ಬಿಟ್ಟೆ. ಅವ್ವ ಜರ್ಮನ್ ಮುಚ್ಚಳ ಮುಚ್ಚಿದಳು, ಕಿವಿ ಆ ಕಡೆ ಮಾಡಿ ನಿಂತಳು.

ಅಪ್ಪ ಎದ್ದು ಬಂದು ನೋಡಿದ. ಮರುದಿನ ಪೇಟೆಯಿಂದ ಚೀಲ ಹೊಲಿಯುವ ಒಂದು ದಬ್ಬಣ ತಂದು, ಹಿಡಿಗೆ ದಪ್ಪಗೆ ಬಟ್ಟೆ ಸುತ್ತಿ, ಭಜಿ ತಿರುವಲು ಅವಳ ಕೈಗೆ ಕೊಟ್ಟ. ಬೆರಳು ಹಂಚಿನಿಂದ ಒಂದು ಗೇಣು ದೂರ ಉಳಿಯುತ್ತದೆ. ತಿರುವುವ ಮೊದಲು ಅವಳು ದಬ್ಬಣದ ತುದಿಯಿಂದ ಒಂದೊಂದನ್ನೂ ತಟ್ಟುತ್ತಾಳೆ. ಗರಿಯಾಗಿದ್ದರೆ ಟಿಕ್ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಎರಡು ಸಂಜೆ ಬಿಟ್ಟು ಕಾಕಿ ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾ, ಮೂಕಗ ಮಾತ ಬಂತೇನ?"

"ಬಂತ ತಂಗಿ. ಉಗ್ಗತೈತಿ, ಆದ್ರ ಮಾತಾಡತೈತಿ. ದೀಪಾ ಹಚ್ಚು ಹೋಗು."

ಈಗ ಬೆಳಗಿನ ರೊಟ್ಟಿಯೂ ಅವಳದೇ. ಸಂಜೆ ನಾನು ಬರುವಷ್ಟರಲ್ಲಿ ತರಕಾರಿ ತುರಿದು ಉಪ್ಪು ಹಚ್ಚಿರುತ್ತಾಳೆ. ಅಳತೆ ಎಂದೂ ಕೇಳಿಲ್ಲ, ಎಂದೂ ತಪ್ಪಿಲ್ಲ. ಅಂಚಿನ ಆರು ಹಾಕಿ, ಸೌಟನ್ನು ಪಕ್ಕಕ್ಕೆ ಚಾಚಿ ಹಿಡಿಯುತ್ತಾಳೆ, ಕರೆಯುವುದಿಲ್ಲ. ನಾನು ಬಂದು ನಡುವಿನದು ಹಾಕುತ್ತೇನೆ. ಬಸ್ಸು ತಡವಾದ ದಿನ ನಡುವಿನ ಗುಳಿ ಖಾಲಿ ಇರುತ್ತದೆ, ಅಪ್ಪನ ತಟ್ಟೆಯಲ್ಲಿ ಆರೇ ಭಜಿ ಇರುತ್ತವೆ. ಏಳನೆಯದಕ್ಕೆ ಹಿಟ್ಟು ಅವ್ವ ಬಟ್ಟಲಲ್ಲಿ ಮುಚ್ಚಿಟ್ಟಿರುತ್ತಾಳೆ.