ಜಿಂಕೆಗೆಂದು ಬಿತ್ತಿದ ಅವರೆ

ಬ್ರಿಸ್ಬೇನ್‌ನ ಡಿಸೆಂಬರಿನ ಉರಿಬಿಸಿಲಲ್ಲಿ ಮನೆ ಮಾಲೀಕ ಗ್ರೆಗ್ ನನ್ನ ಕೈಗೆ ಒಂದು ಚೀಲ ಬಿತ್ತನೆ ಕಾಳು ಕೊಟ್ಟು, ಹಿಂದಿನ ಬಯಲಲ್ಲಿ ಬಿತ್ತಿ ನೀರು ಹಾಯಿಸಿ, ಜಿಂಕೆ, ಟರ್ಕಿ ಕೋಳಿ ಬಂದು ತಿನ್ನಲಿ ಎಂದ. ಕಾಳಿನ ನೆತ್ತಿಯ ಮೇಲಿನ ಬಿಳಿ ಗೆರೆ ನೋಡಿದೆ. ಅಯ್ಯೋ, ನಮ್ಮ ಅವರೆ! ಇವರ ಬಾಯಲ್ಲಿ ಅದು ಲ್ಯಾಬ್‌ಲ್ಯಾಬ್.

ನಮ್ಮ ಮಾಗಡಿ ಕಡೆ ಹೊಲಕ್ಕೆ ಜಿಂಕೆ ನುಗ್ಗಿದರೆ ಡಬ್ಬ ಬಡಿದು ಓಡಿಸುತ್ತೇವೆ. ಇಲ್ಲಿ ಕರೆದು ಬಡಿಸುತ್ತಾರಲ್ಲ, ಎಂಥ ಪುಣ್ಯಾತ್ಮನಪ್ಪ ಎಂದುಕೊಂಡೆ. ನಮ್ಮಜ್ಜಿ ಹೊಲದಂಚಿನ ಒಂದು ಸಾಲನ್ನು ಹಕ್ಕಿಪಕ್ಷಿಗೆಂದು ಕೊಯ್ಯದೆ ಬಿಡುತ್ತಿದ್ದಳು. ಇವನು ಇಡೀ ಹೊಲವನ್ನೇ ಬಿಡುತ್ತಿದ್ದಾನೆಂದು ನಂಬಿದೆ.

ಈ ದೇಶಕ್ಕೆ ಬಂದ ಮೇಲೆ ಅದು ನಮ್ಮ ಮೂರನೆಯ ಊರು. ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಮನೆಗಳೆಲ್ಲ ಒಂದೇ ಥರ; ಒಮ್ಮೆ ಪಕ್ಕದವರ ಬಾಗಿಲಿಗೆ ಬೀಗದಕೈ ಹಾಕಿ ಬೈಸಿಕೊಂಡಿದ್ದೆ. ಅಡಿಲೇಡ್‌ನಲ್ಲಿ ಮನೆಯೊಡೆಯ ಮನೆ ಮಾರಿಬಿಟ್ಟ. ಬ್ರಿಸ್ಬೇನ್‌ನಲ್ಲಿ ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಸಾಲು ನಿಂತು, ಕೊನೆಗೆ ಕಾಡಿನಂಚಿನಲ್ಲಿ ಗ್ರೆಗ್‌ನ ಎರಡು ಕೋಣೆಯ ಮನೆ ಸಿಕ್ಕಿತು. ಗಂಡ ರವಿ ಬೆಳಗ್ಗೆ ಫೋರ್ಟಿಟ್ಯೂಡ್ ವ್ಯಾಲಿಯ ಕಚೇರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಮೇಘಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮಾತಿಗೆ ಜನವಿಲ್ಲದೆ ನನ್ನ ನಾಲಿಗೆಯೇ ಮರಗಟ್ಟಿತ್ತು.

ಅವರೆ ಬಳ್ಳಿ ಹಬ್ಬಿದ ಮೇಲೆ ಕೆಂಪು ತಲೆಯ ಟರ್ಕಿಗಳು ಬಂದು ಮಣ್ಣು ಕೆದಕಿದವು. ಆಮೇಲೆ ಮರಿಯೊಂದಿಗೆ ಒಂದು ಹೆಣ್ಣು ಜಿಂಕೆ. ಮೊದಮೊದಲು ನನ್ನ ನೆರಳು ಕಂಡರೆ ಓಡುತ್ತಿತ್ತು. ದಿನಾ ಸಂಜೆ ಬೇಲಿಯ ಬಳಿ ಕೂತು, "ಬಾರವ್ವ, ಅವರೆ ತಿನ್ನು ಬಾ" ಎನ್ನುತ್ತಿದ್ದೆ. ಅತ್ತೆಯ ಮೇಲಿನ ಸಿಟ್ಟು, ಅಡಿಲೇಡಿನ ಚಳಿ, ಎಲ್ಲವನ್ನೂ ಅದಕ್ಕೆ ಹೇಳಿಕೊಂಡೆ. ಬರಬರುತ್ತ ದನಿ ಕೇಳಿದರೆ ಮರದ ಮರೆಯಿಂದ ತಾನಾಗಿ ಬರತೊಡಗಿತು.

"ಅಮ್ಮ, ಡಿಯರ್ ಡೋಂಟ್ ನೋ ಕನ್ನಡ," ಎಂದು ಮೇಘಾ ನಕ್ಕಳು.

"ನಿನಗಿಂತ ವಾಸಿ ಕಣೇ. ಕರೆದ್ರೆ ಬರುತ್ತೆ," ಎಂದೆ.

ಒಂದು ಶನಿವಾರ 'ಅರ್ವೊ'ಗೆ, ಅಂದರೆ ಮಧ್ಯಾಹ್ನಕ್ಕೆ, ಗ್ರೆಗ್ ಗೆಳೆಯನೊಬ್ಬನೊಂದಿಗೆ ಬಂದ. ಇಬ್ಬರ ಹೆಗಲಲ್ಲೂ ಬಂದೂಕು. ಏನಿದು ಎಂದು ಕೇಳಿದ್ದಕ್ಕೆ ಅವನು ಸಮಾಧಾನವಾಗಿಯೇ ವಿವರಿಸಿದ: ಟರ್ಕಿ ಈ ನೆಲದ್ದು, ಮುಟ್ಟುವಂತಿಲ್ಲ, ನೋಡಿ ಖುಷಿಪಡುವುದಕ್ಕಷ್ಟೇ. ಜಿಂಕೆ ಹೊರಗಿನಿಂದ ಬಂದು ಹೆಚ್ಚಿಕೊಂಡ ಪ್ರಾಣಿ. ಹೊಡೆಯಲೇಬೇಕು. ಬೇಟೆಗೆ ಅನುಕೂಲವಾಗಲೆಂದೇ ಬೇಸಿಗೆಯಲ್ಲಿ ಬಿತ್ತುವುದು. ಬೆಳೆ ಚೆನ್ನಾಗಿ ಬಂದಿದೆ, ಥ್ಯಾಂಕ್ಸ್ ಎಂದೂ ಅಂದ.

ಒಳಗೆ ಬಂದು ರವಿಯನ್ನು ಹಿಡಿದುಕೊಂಡೆ. "ರೀ, ಬೇಡ ಅನ್ರೀ ಅವರಿಗೆ!"

"ಸುಮ್ನಿರು ಮಾರಾಯ್ತಿ. ಈ ಮನೆನೂ ಹೋದ್ರೆ ಎಲ್ಲಿಗ್ ಹೋಗೋದು? ನಾವೇನ್ ಇಲ್ಲಿಯವರಾ?" ಎಂದು ತಲೆ ತಗ್ಗಿಸಿದ.

ಹಾಳಾಗಿ ಹೋಗಲಿ ಮನೆ ಎನ್ನಿಸಿತು. ಸಂಜೆ ಜಿಂಕೆ ಮರದ ಮರೆಯಲ್ಲಿ ಕಾಣಿಸುತ್ತಲೇ ತಟ್ಟೆ, ಸೌಟು ಹಿಡಿದು ಹೊರಗೆ ಓಡಿದೆ. ಊರಿನ ಹೊಲ ಕಾಯುವವರಂತೆ ಬಡಿದೆ. "ಹೋಗು! ಹೋಗೇ! ಬರ್ಬೇಡ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಮರಿ ಬೆಚ್ಚಿ ಓಡಿತು. ತಾಯಿ ಕಿವಿ ನಿಮಿರಿಸಿ ನಿಂತಿತು. ನನ್ನ ದನಿ ಗುರುತು ಸಿಕ್ಕಿತೇನೋ, ಬಯಲು ದಾಟಿ ನನ್ನ ಕಡೆಗೇ ನಡೆದು ಬಂತು.

ಒಂದೇ ಗುಂಡು.

ನನ್ನ ಕಿರುಚಾಟಕ್ಕೆ ಗ್ರೆಗ್ ಬೇಸರಪಟ್ಟುಕೊಳ್ಳಲಿಲ್ಲ. ಮರುದಿನ ಮಾಂಸದ ಪೊಟ್ಟಣವೊಂದನ್ನು ಬಾಗಿಲಲ್ಲಿಟ್ಟು ಹೋದ. ನಾನು ಮುಟ್ಟಲಿಲ್ಲ.

ಆ ಮನೆ ಬಿಟ್ಟು ಈಗ ಬ್ರಿಸ್ಬೇನ್‌ನದೇ ಕ್ಯಾಲಮ್‌ವೇಲ್ ಬಡಾವಣೆಯಲ್ಲಿದ್ದೇವೆ. ಸುತ್ತ ಕನ್ನಡದವರಿದ್ದಾರೆ. "ಯಾಕೆ ಇಷ್ಟು ಮೌನ? ಮಾತಾಡಿ," ಎಂದು ಪಕ್ಕದ ಮನೆಯ ಆಂಟಿ ಗದರುತ್ತಾರೆ. ಆಗುವುದಿಲ್ಲ.

ಮೊನ್ನೆ ಊರಿನಿಂದ ಅಮ್ಮ ಫೋನ್ ಮಾಡಿದ್ದಳು. ಅಲ್ಲೀಗ ಸೊಗಡವರೆಯ ಕಾಲ.

"ಬಾರವ್ವ, ಅವರೆ ಬಂದೈತೆ, ತಿನ್ನು ಬಾ," ಎಂದಳು.

ಬರ್ತೀನಮ್ಮ ಎಂದೆ. ಮಗಳ ಶಾಲೆ, ಗಂಡನ ಕೆಲಸ ಬಿಟ್ಟು ಹೋಗಲಾರೆ. ಇಲ್ಲಿದ್ದೇನೆ ಎಂದೂ ಅನ್ನಿಸುವುದಿಲ್ಲ.